ಅಮ್ಮನ ಕಿಡ್ನಿಯನ್ನೂ ಮೈ ಯಾಕೆ ಒಪ್ಪಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 29 ವರ್ಷ. 14 ತಿಂಗಳ ಹಿಂದೆ ಅಮ್ಮನ ಕಿಡ್ನಿಯನ್ನು ಅವನಿಗೆ ಕಸಿ ಮಾಡಿದರು. ಇಬ್ಬರದೂ ಒಂದೇ ರಕ್ತದ ಗುಂಪು. ವರ್ಷವಿಡೀ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಲ್ಮಶ) 1.2ರ ಆಸುಪಾಸಿನಲ್ಲೇ ಇತ್ತು. ಹೋದ ತಿಂಗಳು ಮಾಮೂಲಿ ಟೆಸ್ಟಿನಲ್ಲಿ 2.1 ಬಂತು. ನೋವಿಲ್ಲ, ಜ್ವರವಿಲ್ಲ, ಮೂತ್ರವೂ ಸರಿಯಾಗಿ ಹೋಗುತ್ತಿತ್ತು. ಬಯಾಪ್ಸಿ ರಿಪೋರ್ಟಿನಲ್ಲಿ ‘ಟಿ ಕೋಶದ ರಿಜೆಕ್ಷನ್, ಬ್ಯಾನ್ಫ್ 1ಎ, ಸಿ4ಡಿ ನೆಗೆಟಿವ್’ ಎಂದು ಬರೆದಿದ್ದಾರೆ. ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಕೊಟ್ಟ ಮೇಲೆ 1.5ಕ್ಕೆ ಇಳಿದಿದೆ. ಅದಕ್ಕೆ ಮುಂಚೆ ಚಿಕ್ಕಪ್ಪನ ಮಗಳ ಮದುವೆಯ ಓಡಾಟದಲ್ಲಿ ಕೆಲವು ಹೊತ್ತಿನ ಮಾತ್ರೆ ತಪ್ಪಿತ್ತಂತೆ. ಸೋದರತ್ತೆ ಮಾಡಿಕೊಟ್ಟ ಅಮೃತಬಳ್ಳಿ ಕಷಾಯವನ್ನೂ ಕುಡಿಯುತ್ತಿದ್ದ, ‘ಇಮ್ಯುನಿಟಿ ಬರಲಿ’ ಅಂತ. ಅಮ್ಮ ಮಾತ್ರ ‘ನನ್ನ ಕಿಡ್ನಿಯೇ ಸರಿ ಇರಲಿಲ್ಲವೇನೋ’ ಎಂದು ಕೊರಗುತ್ತಿದ್ದಾರೆ. ಹೆತ್ತ ತಾಯಿಯ ಕಿಡ್ನಿಯನ್ನು ಮೈ ಯಾಕೆ ಒಪ್ಪುವುದಿಲ್ಲ? ಈ ಟಿ ಕೋಶ ಅಂದರೆ ಏನು? ಅವನ್ನು ಒಮ್ಮೆಲೇ ತೆಗೆದುಹಾಕಿ ಈ ಕಾಟ ಮುಗಿಸಲು ಆಗುವುದಿಲ್ಲವೇ?
— ದಾವಣಗೆರೆಯ ಓದುಗರು

ಉತ್ತರ: ಮೊದಲು ಅಮ್ಮನನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ. ಅವರ ಕಿಡ್ನಿಯಲ್ಲಿ ಐಬಿರಲಿಲ್ಲ. ಐಬಿದ್ದಿದ್ದರೆ ಯಾವ ಡಾಕ್ಟರೂ ಅದನ್ನು ತೆಗೆಯಲು ಒಪ್ಪುತ್ತಿರಲಿಲ್ಲ. ಕಿಡ್ನಿ ಕೊಡುವವರಿಗೆ ಎಷ್ಟೊಂದು ಟೆಸ್ಟ್ ಮಾಡಿಸುತ್ತಾರೆ ಎಂದು ನೀವೇ ನೋಡಿದ್ದೀರಿ, ಅಲ್ವಾ? ವರ್ಷವಿಡೀ ಕ್ರಿಯಾಟಿನಿನ್ 1.2 ಇಟ್ಟುಕೊಂಡ ಕಿಡ್ನಿ ಅದು. ತನ್ನ ಕೆಲಸ ಚೆನ್ನಾಗಿ ಮಾಡುತ್ತಿರುವ ಕಿಡ್ನಿಯ ಮೇಲೂ ರಿಜೆಕ್ಷನ್ ಬರುತ್ತದೆ.

ಕಸಿ ಎಂಬ ಮಾತು ನಮಗೆ ಬಂದಿದ್ದು ತೋಟದಿಂದ. ನಾಟಿ ಮಾವಿನ ಸಸಿಗೆ ಬಾದಾಮಿ ಮಾವಿನ ಕಡ್ಡಿ ಕಟ್ಟಿದರೆ ಕೆಲವೇ ವಾರಗಳಲ್ಲಿ ಎರಡೂ ಕೂಡಿಕೊಂಡು ಚಿಗುರುತ್ತವೆ. ಬುಡ ಒಂದು ಜಾತಿ, ತಲೆ ಇನ್ನೊಂದು ಜಾತಿ. ಜಗಳವೇ ಇಲ್ಲ. ಯಾಕೆಂದರೆ ಗಿಡದ ಮೈಯಲ್ಲಿ ಸುತ್ತಾಡುತ್ತಾ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುವ ಬಿಳಿ ರಕ್ತಕಣಗಳಿಲ್ಲ. ನಮ್ಮ ಮೈಯಲ್ಲಿವೆ. ಹಾಗಾಗಿ ಮಾವಿಗೆ ಸಲೀಸಾದ ಕೆಲಸ ನಮಗೆ ಕಷ್ಟ.

ರಕ್ತದ ಗುಂಪು ಹೊಂದಿತು ಎಂದರೆ ಮೊದಲ ಬಾಗಿಲು ದಾಟಿದಂತೆ, ಅಷ್ಟೇ. ಅದರಾಚೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ. ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲ್ಮೈಯಲ್ಲೂ ಇವು ಇರುತ್ತವೆ. ಪ್ಯಾರಿಸ್ಸಿನ ಜ್ಯಾನ್ ಡೊಸ್ಸೆ 1958ರಲ್ಲಿ ಇವುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದರು. 1980ರಲ್ಲಿ ಅವರಿಗೆ ನೊಬೆಲ್ ಬಂತು. ಕಿಡ್ನಿ ಕಸಿ ಮಾಡುವವರಿಗೆ ತೊಂದರೆ ಕೊಡಲೆಂದು ಪ್ರಕೃತಿ ಇವನ್ನು ಮಾಡಿದ್ದಲ್ಲ. ಕೋಶದ ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ತೋರಿಸುವುದು ಇವುಗಳ ಕೆಲಸ. ಒಳಗಿನ ಪ್ರೋಟೀನುಗಳ ಚೂರುಗಳನ್ನು ಎತ್ತಿ ತಂದು ಹೊಸಿಲ ಮೇಲೆ ಇಡುತ್ತವೆ. ವೈರಸ್ ಹೊಕ್ಕಿದ್ದರೆ ಅದರ ಚೂರೂ ಅಲ್ಲಿ ಕಾಣುತ್ತದೆ. ಹಾದುಹೋಗುವ ಟಿ ಕೋಶ ಎಂಬ ಬಿಳಿ ರಕ್ತಕಣ ಅದನ್ನು ನೋಡಿ ಆ ಮನೆಯನ್ನೇ ಉರುಳಿಸುತ್ತದೆ. ಇದರಿಂದಾಗಿಯೇ ನಾವೆಲ್ಲ ನೆಗಡಿ, ಜ್ವರ ಬಂದರೂ ಬದುಕಿದ್ದೇವೆ.

ಈ ಎಚ್‌ಎಲ್‌ಎ ವಂಶವಾಹಿಗಳು 6ನೇ ಕ್ರೋಮೋಸೋಮಿನಲ್ಲಿ ಒಂದೇ ಕಟ್ಟಾಗಿ ಕೂತಿವೆ. ಪ್ರತಿಯೊಬ್ಬರಲ್ಲೂ ಎರಡು ಕಟ್ಟು: ಒಂದು ಅಪ್ಪನದು, ಒಂದು ಅಮ್ಮನದು. ನಿಮ್ಮ ಅಮ್ಮನಲ್ಲಿ ಎರಡು ಕಟ್ಟಿವೆ. ತಮ್ಮನಿಗೆ ಕೊಟ್ಟಿದ್ದು ಅದರಲ್ಲಿ ಒಂದು. ಇನ್ನೊಂದು ಕಟ್ಟು ಅವನಿಗೆ ಬಂದೇ ಇಲ್ಲ. ಅವನ ಮೈ ಅದನ್ನು ಹಿಂದೆಂದೂ ನೋಡಿಲ್ಲ. ಅಮ್ಮನ ಕಿಡ್ನಿಯ ಪ್ರತಿ ಕೋಶದ ಮೇಲೂ ಎರಡೂ ಕಟ್ಟಿನ ಗುರುತುಗಳಿವೆ. ಅರ್ಧ ನೆಂಟರು, ಅರ್ಧ ಅಪರಿಚಿತರು. ತಂದೆ ತಾಯಿ ಕೊಟ್ಟ ಕಿಡ್ನಿ ಸಾಮಾನ್ಯವಾಗಿ ಹೀಗೇ ಅರ್ಧ ಹೊಂದುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಏನೇನೂ ಹೊಂದದಿರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಪ್ರೀತಿಗೂ ಎಚ್‌ಎಲ್‌ಎಗೂ ಸಂಬಂಧವಿಲ್ಲ ನೋಡಿ.

ಇಲ್ಲಿ ನೀವು ಕೇಳಬಹುದು: ಹಾಗಾದರೆ ಅಮ್ಮ ಒಂಬತ್ತು ತಿಂಗಳು ಅವನನ್ನು ಹೊತ್ತಾಗ ಅವನೂ ಅವಳಿಗೆ ಅರ್ಧ ಪರಕೀಯನೇ ತಾನೇ? ಆಗ ಯಾಕೆ ರಿಜೆಕ್ಷನ್ ಆಗಲಿಲ್ಲ? ಒಳ್ಳೆಯ ಪ್ರಶ್ನೆ. ಈ ವಿಷಯ ಓದಿದವರೆಲ್ಲ ಒಂದಲ್ಲ ಒಂದು ದಿನ ಇದರ ಮುಂದೆ ನಿಂತಿರುತ್ತಾರೆ. ಮಾಸು ಅಥವಾ ಕಸ ಎನ್ನುತ್ತೇವಲ್ಲ, ಆ ಪ್ಲಾಸೆಂಟಾದಲ್ಲಿ ತಾಯಿಯ ರಕ್ತಕ್ಕೆ ತಾಗುವ ಕೋಶಗಳು ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ ಎಂಬ ಮುಖ್ಯ ಗುರುತುಗಳನ್ನು ತೋರಿಸುವುದೇ ಇಲ್ಲ. ತಾಯಿಯ ಮೈಯಲ್ಲಿ ಸಮಾಧಾನ ಮಾಡುವ ಜಾತಿಯ ಟಿ ಕೋಶಗಳು ಆಗ ಹೆಚ್ಚುತ್ತವೆ. ಕಿಡ್ನಿಗೆ ಇಂಥ ಏರ್ಪಾಟಿಲ್ಲ. ಅದು ಎಲ್ಲ ಗುರುತುಗಳನ್ನೂ ಬಯಲಿಗಿಟ್ಟುಕೊಂಡೇ ಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಟಿ ಕೋಶ ಎಂದರೇನು. ಇವು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಪಾಠ ಕಲಿಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ. ‘ಟಿ’ ಅಕ್ಷರ ಬಂದಿದ್ದೂ ಅಲ್ಲಿಂದಲೇ. ಅಲ್ಲಿ ಪರೀಕ್ಷೆ ಬಹಳ ಬಿಗಿ. ನಮ್ಮದೇ ಎಚ್‌ಎಲ್‌ಎಯನ್ನು ಓದಲು ಬಾರದವು ಸಾಯುತ್ತವೆ. ನಮ್ಮ ಮೇಲೇ ಜೋರಾಗಿ ರೇಗುವವೂ ಸಾಯುತ್ತವೆ. ಬಹುಪಾಲು ಕೋಶಗಳು ಅಲ್ಲೇ ಮಣ್ಣಾಗುತ್ತವೆ. ಪಾಸಾಗಿ ಹೊರಬಂದವು ‘ನಮ್ಮವರ ಮುಖ’ ಬಲ್ಲವು. ಕಾಗೆ ತನ್ನ ಗೂಡಿನಲ್ಲಿ ಕೋಗಿಲೆಯ ಮೊಟ್ಟೆಗೆ ಕಾವು ಕೊಟ್ಟು ಮರಿಯನ್ನೂ ಸಾಕುತ್ತದೆ. ಟಿ ಕೋಶದ ಹತ್ತಿರ ಆ ಆಟ ನಡೆಯುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಯಾವುದೋ ಒಂದು ವೈರಸ್ಸಿನ ಒಂದು ಚೂರನ್ನು ಗುರುತು ಹಿಡಿಯುವ ಟಿ ಕೋಶಗಳು, ಆ ವೈರಸ್ ಇನ್ನೂ ಬಾರದ ಮೈಯಲ್ಲಿ, ಲಕ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಆದರೆ ಬೇರೆಯವರ ಎಚ್‌ಎಲ್‌ಎ ಕಂಡರೆ ಕೆರಳುವ ಟಿ ಕೋಶಗಳು ನೂರಕ್ಕೆ 1ರಿಂದ 10ರಷ್ಟಿವೆ. ಯಾಕಿಷ್ಟು ಜಾಸ್ತಿ? ಪರರ ಎಚ್‌ಎಲ್‌ಎ ನಮ್ಮದಕ್ಕೆ ಸಾಕಷ್ಟು ಹೋಲುತ್ತದೆ, ಆದರೆ ಪೂರ್ತಿ ಹೋಲುವುದಿಲ್ಲ. ನಮ್ಮ ಎಚ್‌ಎಲ್‌ಎ ಮೇಲೆ ವೈರಸ್ಸಿನ ಚೂರು ಕೂತರೆ ಹೇಗೆ ಕಾಣುತ್ತದೋ, ಹಾಗೇ ಕಾಣುತ್ತದೆ. ಹಳೆಯ ಸೋಂಕಿನ ನೆನಪಿಟ್ಟುಕೊಂಡ ಟಿ ಕೋಶಗಳೂ ಇದರಲ್ಲಿ ಸೇರಿಕೊಳ್ಳುತ್ತವೆ. ಎಪ್‌ಸ್ಟೈನ್–ಬಾರ್ ಎಂಬ ವೈರಸ್ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ. ಎಚ್‌ಎಲ್‌ಎ-ಬಿ8 ಇರುವವರಲ್ಲಿ ಆ ವೈರಸ್ಸಿಗೆಂದು ತಯಾರಾದ ಕೆಲವು ಟಿ ಕೋಶಗಳು ಎಚ್‌ಎಲ್‌ಎ-ಬಿ44 ಇರುವ ಬೇರೆಯವರ ಕೋಶ ಕಂಡರೂ ಮೇಲೆ ಬೀಳುತ್ತವೆ. ಅಂದರೆ ದಾನಿಯನ್ನು ನೋಡುವ ಎಷ್ಟೋ ವರ್ಷ ಮುಂಚೆಯೇ ದಾನಿಯ ಮೇಲೆ ಜಗಳ ಕಾದಿರುತ್ತದೆ.

ಆದರೆ ಟಿ ಕೋಶ ತಾನಾಗಿ ಎದ್ದು ಹೊರಡುವುದಿಲ್ಲ. ಯಾರಾದರೂ ಹೋಗಿ ಹೇಳಬೇಕು. ಹೇಳುವವು ಡೆಂಡ್ರೈಟಿಕ್ ಕೋಶಗಳು. ಮೈಯೆಲ್ಲ ಕೊಂಬೆಯಂಥ ಚಾಚುಗಳಿರುವ ಕೋಶಗಳಿವು. ಇವನ್ನು 1973ರಲ್ಲಿ ವಿವರಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಘೋಷಿಸಿದರು. ಅವರು ಅದಕ್ಕೆ ಮೂರು ದಿನ ಮೊದಲೇ ತೀರಿಕೊಂಡಿದ್ದರು. ಸಮಿತಿಗೆ ಗೊತ್ತಿರಲಿಲ್ಲ. ಇರಲಿ, ವಿಷಯಕ್ಕೆ ಬರೋಣ. ಕಸಿ ಮಾಡಿದ ಕಿಡ್ನಿಯ ಜೊತೆ ಅಮ್ಮನ ಡೆಂಡ್ರೈಟಿಕ್ ಕೋಶಗಳೂ ಬಂದಿರುತ್ತವೆ. ಕಿಡ್ನಿಯನ್ನು ತೆಗೆದು, ತಣ್ಣಗೆ ಇಟ್ಟು, ಮತ್ತೆ ರಕ್ತ ಹರಿಸುವ ಹೊತ್ತಿಗೆ ಅದಕ್ಕೆ ಒಂದಿಷ್ಟು ಪೆಟ್ಟು ಬಿದ್ದೇ ಬೀಳುತ್ತದೆ. ಆ ಪೆಟ್ಟಿಗೆ ಇವು ಎಚ್ಚೆತ್ತು ಕಿಡ್ನಿಯಿಂದ ಹೊರಟು ತಮ್ಮನ ದುಗ್ಧಗ್ರಂಥಿ, ಗುಲ್ಮಗಳಿಗೆ ಹೋಗುತ್ತವೆ. ಅಲ್ಲಿ ಟಿ ಕೋಶಗಳ ಸಂತೆಯೇ ನೆರೆದಿರುತ್ತದೆ. ಮೊದಲ ತಿಂಗಳುಗಳ ರಿಜೆಕ್ಷನ್ ಹೆಚ್ಚಾಗಿ ಈ ದಾರಿಯಲ್ಲಿ ಬರುತ್ತದೆ.

ಕಾಲ ಕಳೆದಂತೆ ಅಮ್ಮನ ಡೆಂಡ್ರೈಟಿಕ್ ಕೋಶಗಳು ಮುಗಿದುಹೋಗುತ್ತವೆ. ಹಾಗಂತ ಸುದ್ದಿ ನಿಲ್ಲುವುದಿಲ್ಲ. ತಮ್ಮನ ಡೆಂಡ್ರೈಟಿಕ್ ಕೋಶಗಳೇ ಕಿಡ್ನಿಯಿಂದ ಉದುರಿದ ಪ್ರೋಟೀನು ಹೆಕ್ಕಿ, ಚೂರು ಮಾಡಿ, ತಮ್ಮ ಎಚ್‌ಎಲ್‌ಎ ಮೇಲೆ ಇಟ್ಟು ತೋರಿಸುತ್ತವೆ. ಈ ಎರಡನೇ ದಾರಿ ಕಿಡ್ನಿ ಇರುವವರೆಗೂ ತೆರೆದೇ ಇರುತ್ತದೆ. ಹತ್ತು ವರ್ಷವಾದ ಮೇಲೂ ‘ಇನ್ನೇನಾಗುತ್ತೆ ಬಿಡಿ’ ಎನ್ನುವಂತಿಲ್ಲ.

ಎಚ್ಚೆತ್ತ ಟಿ ಕೋಶಗಳಲ್ಲಿ ಎರಡು ಬಗೆ. ಸಿಡಿ4 ಎಂಬವು ಮೇಸ್ತ್ರಿಗಳು. ತಾವು ಕೈ ಹಾಕುವುದು ಕಡಿಮೆ, ಬೇರೆಯವರಿಂದ ಮಾಡಿಸುವುದು ಹೆಚ್ಚು. ಸಿಡಿ8 ಎಂಬವು ಕೊಲೆಗಾರರು. ಇವು ಕಿಡ್ನಿಯ ಕೋಶಕ್ಕೆ ಅಂಟಿಕೊಂಡು ಪರ್ಫೋರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆಯುತ್ತವೆ. ಆ ದಾರಿಯಲ್ಲಿ ಗ್ರಾಂಜೈಮ್ ಎಂಬ ಕಿಣ್ವ ಒಳಗೆ ಹೋಗುತ್ತದೆ. ಕೋಶ ತನ್ನನ್ನು ತಾನೇ ಕೊಂದುಕೊಳ್ಳುವಂತೆ ಅದು ಮಾಡುತ್ತದೆ. ಹಿಂದೆಯೇ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ನುಗ್ಗುತ್ತವೆ. ಇವು ಸತ್ತದ್ದನ್ನು ನುಂಗಿ ಗುಡಿಸುವವು ಎಂದು ಹಿಂದೆ ಅಂದುಕೊಂಡಿದ್ದರು. ಆದರೆ ಉರಿಯೂತ ಹೆಚ್ಚಿಸುವುದರಲ್ಲೂ, ಆಮೇಲೆ ಕಿಡ್ನಿಯಲ್ಲಿ ಗಾಯದ ಗಟ್ಟಿ ನಾರು ಬೆಳೆಸುವುದರಲ್ಲೂ ಇವುಗಳ ಕೈ ದೊಡ್ಡದು.

ಈಗ ನಿಮ್ಮ ರಿಪೋರ್ಟ್ ತೆಗೆದುಕೊಳ್ಳಿ. ಬ್ಯಾನ್ಫ್ ಎಂಬುದು ಕೆನಡಾದ ಒಂದು ಬೆಟ್ಟದೂರು. 1991ರಲ್ಲಿ ಪೆಥಾಲಜಿ ಡಾಕ್ಟರುಗಳು, ಕಿಡ್ನಿ ಡಾಕ್ಟರುಗಳು ಅಲ್ಲಿ ಸೇರಿ ಕಿಡ್ನಿ ಬಯಾಪ್ಸಿ ಓದಲು ಎಲ್ಲರಿಗೂ ಒಂದೇ ಅಳತೆಗೋಲು ಇರಲಿ ಎಂದು ಮಾಡಿದರು. ಕಿಡ್ನಿಯೊಳಗೆ ಮೂತ್ರ ಸೋಸಿ ಹರಿಯುವ ಸಣ್ಣ ಕೊಳವೆಗಳಿವೆ. ಅವುಗಳ ಗೋಡೆಯೊಳಗೆ ಬಿಳಿ ರಕ್ತಕಣಗಳು ನುಸುಳಿದ್ದರೆ ಪೆಥಾಲಜಿ ಡಾಕ್ಟರು ಎಣಿಸುತ್ತಾರೆ. ಅಡ್ಡ ಕೊಯ್ದ ಒಂದು ಕೊಳವೆಯಲ್ಲಿ 4ರವರೆಗೆ ಸಿಕ್ಕರೆ ಒಂದು ಅಂಕ, 5ರಿಂದ 10 ಇದ್ದರೆ ಎರಡು, ಅದಕ್ಕೂ ಮೀರಿದರೆ ಮೂರು. 1ಎ ಎಂದರೆ ಕಿಡ್ನಿಯ ಹೊರಪದರದ ಕಾಲು ಭಾಗಕ್ಕೂ ಹೆಚ್ಚು ಕಡೆ ಉರಿಯೂತವಿದೆ, ಕೊಳವೆಗಳಿಗೆ ಎರಡು ಅಂಕ ಬಿದ್ದಿದೆ ಎಂದು. ಮೂರು ಅಂಕ ಬಿದ್ದಿದ್ದರೆ 1ಬಿ. ರಕ್ತನಾಳದ ಗೋಡೆಗೆ ನುಗ್ಗಿದ್ದರೆ 2 ಅಥವಾ 3. ನಿಮ್ಮ ತಮ್ಮನದು ಕೆಳಗಿನ ಮೆಟ್ಟಿಲು. ಕೊಳವೆ ಕೆಟ್ಟರೂ ರಕ್ತನಾಳ ಉಳಿದಿದೆ. ಕೊಳವೆಯ ಕೋಶಗಳಿಗೆ ಮತ್ತೆ ಬೆಳೆಯುವ ತಾಕತ್ತಿದೆ. ಕ್ರಿಯಾಟಿನಿನ್ 1.5ಕ್ಕೆ ಬಂದದ್ದು ಅದಕ್ಕೇ.

ನೋವು, ಜ್ವರ ಇರಲಿಲ್ಲ ಎಂದಿರಿ. ಈಗಿನ ಔಷಧಿಗಳ ಕಾಲದಲ್ಲಿ ಹೆಚ್ಚಿನ ರಿಜೆಕ್ಷನ್ ಹೀಗೆ ಸದ್ದಿಲ್ಲದೇ ಬರುತ್ತದೆ. ‘ಚೆನ್ನಾಗಿಯೇ ಇದ್ದೀನಲ್ಲ’ ಎಂದು ರಕ್ತ ಪರೀಕ್ಷೆ ಮುಂದೂಡುವವರಿಗೆ ತಮ್ಮನ ಕಥೆ ಹೇಳಿ.

‘ಸಿ4ಡಿ ನೆಗೆಟಿವ್’ ಎಂಬ ಮಾತಿಗೆ ಬರೋಣ. ಇಡೀ ರಿಪೋರ್ಟಿನಲ್ಲಿ ನನಗೆ ಸಮಾಧಾನ ಕೊಟ್ಟ ಸಾಲು ಅದು. ಯಾಕೆಂದರೆ ರಿಜೆಕ್ಷನ್ ಎಂದರೆ ಒಂದೇ ರೋಗವಲ್ಲ. ಟಿ ಕೋಶ ಮುಂದೆ ನಿಂತು ಮಾಡುವುದು ಒಂದು ಬಗೆ. ಬಿ ಕೋಶಗಳೆಂಬ ಬೇರೆ ಜಾತಿಯ ಬಿಳಿ ರಕ್ತಕಣಗಳ ಕಡೆಯಿಂದ ಬರುವುದು ಇನ್ನೊಂದು ಬಗೆ, ನನ್ನ ಲೆಕ್ಕದಲ್ಲಿ ಹೆಚ್ಚು ಭಯ ಹುಟ್ಟಿಸುವ ಬಗೆ.

ಸಿಡಿ4 ಮೇಸ್ತ್ರಿಗಳು ಬಿ ಕೋಶಗಳಿಗೆ ಕುಮ್ಮಕ್ಕು ಕೊಟ್ಟರೆ ಅವುಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗುತ್ತವೆ. ಇವು ಮೂಳೆಯ ಮಜ್ಜೆಯಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಸುರಿಸುತ್ತಾ ಇರುತ್ತವೆ. ಆ್ಯಂಟಿಬಾಡಿ ರಕ್ತದಲ್ಲಿ ತೇಲಿ ಬಂದು ಕಿಡ್ನಿಯ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟುತ್ತದೆ. ಆಮೇಲೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲು ಒಂದರ ಹಿಂದೆ ಒಂದು ಹೊತ್ತಿಕೊಳ್ಳುತ್ತದೆ. ಸಿ4ಡಿ ಎಂಬುದು ಆ ಬೆಂಕಿಯ ಬೂದಿ. ಬೆಂಕಿ ಆರಿದ ಮೇಲೂ ಗೋಡೆಗೆ ಅಂಟಿಕೊಂಡಿರುತ್ತದೆ. ಅದು ಸಿಗಲಿಲ್ಲ ಎಂದರೆ ಒಳ್ಳೆಯ ಸುದ್ದಿ. ಆದರೆ ಪೂರ್ತಿ ನಿಶ್ಚಿಂತೆ ಬೇಡ. ಸಿ4ಡಿ ಇಲ್ಲದೆಯೂ ಆ್ಯಂಟಿಬಾಡಿ ಹಾನಿ ಮಾಡಬಲ್ಲದು. ಅದರಲ್ಲಿ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳೆಂಬ ಇನ್ನೊಂದು ಜಾತಿಯ ಬಿಳಿ ರಕ್ತಕಣಗಳ ಪಾತ್ರವಿದೆ.

ಎನ್‌ಕೆ ಕೋಶಗಳ ಬಗ್ಗೆ ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಈಗ ಹಾಗಿಲ್ಲ. ಇವುಗಳ ಸ್ವಭಾವ ಟಿ ಕೋಶಕ್ಕೆ ತದ್ವಿರುದ್ಧ. ಟಿ ಕೋಶ ಪರರ ಗುರುತು ಕಂಡರೆ ರೇಗುತ್ತದೆ. ಎನ್‌ಕೆ ಕೋಶ ನಮ್ಮವರ ಗುರುತು ಕಾಣದಿದ್ದರೆ ರೇಗುತ್ತದೆ. ಸ್ಟಾಕ್‌ಹೋಮಿನ ಕ್ಲಾಸ್ ಶೆರೆ 1980ರ ದಶಕದಲ್ಲಿ ಈ ವಿಚಾರ ಮುಂದಿಟ್ಟರು. ಇದರ ಜೊತೆಗೆ ಎನ್‌ಕೆ ಕೋಶಕ್ಕೆ ಸಿಡಿ16 ಎಂಬ ಕೊಕ್ಕೆಯಿದೆ. ರಕ್ತನಾಳದ ಗೋಡೆಗೆ ಅಂಟಿದ ಆ್ಯಂಟಿಬಾಡಿಯ ಬಾಲಕ್ಕೆ ಆ ಕೊಕ್ಕೆ ಸಿಕ್ಕಿಕೊಂಡರೆ ಸಾಕು, ಕಾಂಪ್ಲಿಮೆಂಟ್ ಇಲ್ಲದೆಯೂ ಅದು ಗೋಡೆಯನ್ನು ಕೊರೆಯುತ್ತದೆ. ಈ ಬಗೆಯ ರಿಜೆಕ್ಷನ್ನಿಗೆ ದಶಕಗಳಿಂದ ನಮ್ಮ ಕೈಯಲ್ಲಿ ಗಟ್ಟಿ ಮದ್ದಿರಲಿಲ್ಲ. ಪ್ಲಾಸ್ಮಾಫೆರಿಸಿಸ್ ಮಾಡಿ ಆ್ಯಂಟಿಬಾಡಿ ಸೋಸುತ್ತಿದ್ದೆವು, ಮತ್ತೆ ತುಂಬಿಕೊಳ್ಳುತ್ತಿತ್ತು. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಕೊಲ್ಲುತ್ತದೆ. ಆದರೆ ಅದು ಹಿಡಿಯುವ ಗುರುತು ಪ್ಲಾಸ್ಮಾ ಕೋಶದ ಮೇಲೆ ಇಲ್ಲ. ಆ್ಯಂಟಿಬಾಡಿಯ ಕಾರ್ಖಾನೆ ಹಾಗೇ ಓಡುತ್ತಿರುತ್ತದೆ.

2024ರಲ್ಲಿ ವಿಯೆನ್ನಾ, ಬರ್ಲಿನ್ ಡಾಕ್ಟರುಗಳು ಫೆಲ್ಜಾರ್ಟಮ್ಯಾಬ್ ಎಂಬ ಔಷಧಿಯ ಪ್ರಯೋಗ ಪ್ರಕಟಿಸಿದರು. ಅದು ಹಿಡಿಯುವ ಸಿಡಿ38 ಎಂಬ ಗುರುತು ಪ್ಲಾಸ್ಮಾ ಕೋಶದ ಮೇಲೂ ಇದೆ, ಎನ್‌ಕೆ ಕೋಶದ ಮೇಲೂ ಇದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಇದ್ದವರು 22 ರೋಗಿಗಳು ಮಾತ್ರ. ಔಷಧಿ ಪಡೆದು ಮತ್ತೆ ಬಯಾಪ್ಸಿಯಾದ 11 ಜನರಲ್ಲಿ 9 ಜನರಿಗೆ ರಿಜೆಕ್ಷನ್ ಗುರುತುಗಳು ಮಾಯವಾಗಿದ್ದವು. ಸುಳ್ಳು ಔಷಧಿ ಪಡೆದ 10 ಜನರಲ್ಲಿ ಇಬ್ಬರಿಗೆ. ಸಣ್ಣ ಪ್ರಯೋಗ, ನಿಜ. ಆದರೂ ಈ ಕ್ಷೇತ್ರದಲ್ಲಿ ಬಹಳ ದಿನಗಳ ಮೇಲೆ ನನಗೆ ಕುರ್ಚಿ ಬಿಟ್ಟು ಏಳಬೇಕು ಅನ್ನಿಸಿದ ಫಲಿತಾಂಶ ಅದು.

ಆ್ಯಂಟಿಬಾಡಿ ಮೊದಲೇ ಇದ್ದುಬಿಟ್ಟರೆ ಏನಾಗುತ್ತದೆ ಎಂಬುದನ್ನು ಹಳಬರು ಆಪರೇಷನ್ ಟೇಬಲ್ ಮೇಲೆಯೇ ನೋಡಿದ್ದಾರೆ. ರಕ್ತ ಹರಿಸಿದ ಕೆಲವೇ ನಿಮಿಷದಲ್ಲಿ ಗುಲಾಬಿ ಬಣ್ಣದ ಕಿಡ್ನಿ ನೀಲಿಗಟ್ಟಿ ಸತ್ತುಹೋಗುತ್ತಿತ್ತು. 1969ರಲ್ಲಿ ಪಟೇಲ್ ಮತ್ತು ತೆರಾಸಾಕಿ ಎಂಬ ಇಬ್ಬರು ದಾನಿಯ ಬಿಳಿ ರಕ್ತಕಣ, ಪಡೆಯುವವರ ಸೀರಮ್ ಎರಡನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯ ಲೆಕ್ಕ ಕೊಟ್ಟರು. ಪಾಸಿಟಿವ್ ಬಂದ 30 ಜನರಲ್ಲಿ 24 ಜನರ ಕಿಡ್ನಿ ಕೂಡಲೇ ಹೋಯಿತು. ನೆಗೆಟಿವ್ ಬಂದ 195 ಜನರಲ್ಲಿ 8 ಜನರದು ಮಾತ್ರ. ಅಲ್ಲಿಂದಾಚೆ ಆ ಪರೀಕ್ಷೆಯಿಲ್ಲದೆ ಯಾರೂ ಚಾಕು ಎತ್ತುವುದಿಲ್ಲ. ನಿಮ್ಮ ಅಮ್ಮ, ತಮ್ಮ ಇಬ್ಬರ ರಕ್ತವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿದ್ದರಲ್ಲ, ಇದಕ್ಕೇ.

ಮೊದಲೇ ಆ್ಯಂಟಿಬಾಡಿ ಹೇಗೆ ಬರುತ್ತದೆ? ಮೂರು ದಾರಿ: ರಕ್ತ ಹಾಕಿಸಿಕೊಂಡಿರುವುದು, ಹಿಂದೊಮ್ಮೆ ಕಸಿ ಆಗಿರುವುದು, ಬಸಿರು. ನಮ್ಮಲ್ಲಿ ಹೆಂಡತಿ ಗಂಡನಿಗೆ ಕಿಡ್ನಿ ಕೊಡುವುದೇ ಹೆಚ್ಚು. ಅಪರೂಪಕ್ಕೆ ಗಂಡ ಕೊಡಲು ಮುಂದೆ ಬಂದಾಗ ಎಷ್ಟೋ ಸಲ ಕ್ರಾಸ್‌ಮ್ಯಾಚ್ ಪಾಸಿಟಿವ್ ಆಗುತ್ತದೆ. ಅವನ ಮಕ್ಕಳನ್ನು ಹೆತ್ತಾಗಲೇ ಅವಳ ಮೈಯಲ್ಲಿ ಅವನ ಎಚ್‌ಎಲ್‌ಎಗೆ ಆ್ಯಂಟಿಬಾಡಿ ಹುಟ್ಟಿರುತ್ತದೆ. ಇದನ್ನು ದಂಪತಿಗಳ ಮುಂದೆ ಹೇಳುವಾಗ ನನಗೆ ಇವತ್ತಿಗೂ ಮಾತು ತಡವರಿಸುತ್ತದೆ.

ಈಗ ಮಾತ್ರೆಗಳ ವಿಷಯ. ತಮ್ಮ ದಿನಕ್ಕೆರಡು ಬಾರಿ ನುಂಗುತ್ತಿರುವುದು ಬಹುಶಃ ಟಾಕ್ರೋಲಿಮಸ್. ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕಿದ ಮದ್ದು. ಅದಕ್ಕೂ ಮುಂಚಿನ ಸೈಕ್ಲೋಸ್ಪೋರಿನ್ ಬಂದಿದ್ದು ನಾರ್ವೆಯ ಮಣ್ಣಿನ ಬೂಷ್ಟಿನಿಂದ. ಟಿ ಕೋಶಕ್ಕೆ ಪರರ ಎಚ್‌ಎಲ್‌ಎ ತಾಗಿದಾಗ ಒಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಕೆಲಸ ಶುರು ಮಾಡುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕ ತಯಾರಾಗುತ್ತದೆ. ಅದನ್ನು ಕುಡಿದು ಟಿ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಟಾಕ್ರೋಲಿಮಸ್ ಆ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಜೊತೆಗಿರುವ ಮೈಕೋಫಿನೋಲೇಟ್ ಕೋಶ ಎರಡಾಗುವುದನ್ನು ತಡೆಯುತ್ತದೆ. ಪ್ರೆಡ್ನಿಸೋಲೋನ್ ಹಲವು ಕಡೆ ಸ್ವಲ್ಪ ಸ್ವಲ್ಪ ಅದುಮುತ್ತದೆ. ಗಮನಿಸಿ, ಈ ಮೂರೂ ಟಿ ಕೋಶವನ್ನು ಓಡಿಸುವುದಿಲ್ಲ. ಕೂರಿಸಿ ಇಡುತ್ತವೆ. ಮಾತ್ರೆ ತಪ್ಪಿದರೆ ರಕ್ತದಲ್ಲಿ ಟಾಕ್ರೋಲಿಮಸ್ ಮಟ್ಟ ಗಂಟೆಗಳಲ್ಲಿ ಇಳಿಯುತ್ತದೆ, ಕೂತಿದ್ದವು ಏಳುತ್ತವೆ. ಒಮ್ಮೆ ಎದ್ದು ಸಂಖ್ಯೆ ಹೆಚ್ಚಿಸಿಕೊಂಡವು ನೆನಪಿಟ್ಟುಕೊಳ್ಳುತ್ತವೆ.

ಆ ನೆನಪಿನ ಗುಟ್ಟು ಮೊದಲು ಸಿಕ್ಕಿದ್ದು ಸುಟ್ಟ ಗಾಯದ ವಾರ್ಡಿನಲ್ಲಿ. ಎರಡನೇ ಮಹಾಯುದ್ಧದ ಸಮಯ, ಗ್ಲಾಸ್ಗೋ ಊರು. ಪೀಟರ್ ಮೆಡಾವರ್, ಸರ್ಜನ್ ಥಾಮಸ್ ಗಿಬ್ಸನ್ ಇಬ್ಬರೂ ಸುಟ್ಟ ಮೈಗೆ ಬೇರೆಯವರ ಚರ್ಮದ ತುಂಡುಗಳನ್ನು ಹಚ್ಚಿ ನೋಡಿದರು. ಉದುರಿಹೋಯಿತು. ಅದೇ ದಾನಿಯ ಚರ್ಮ ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಉದುರಿತು. 1943ರಲ್ಲಿ ಇದನ್ನು ಪ್ರಕಟಿಸಿದರು. ಮೈ ಕಲಿಯುತ್ತದೆ ಎಂದು ಗೊತ್ತಾಯಿತು.

ತಮ್ಮನನ್ನು ಗದರಬೇಡಿ. ಮದುವೆ ಮನೆಯಲ್ಲಿ ಮಾತ್ರೆ ಮರೆಯುವುದು ಯಾರಿಗಾದರೂ ಆಗುತ್ತದೆ. ಆದರೆ ಸಂಗತಿ ಗೊತ್ತಿರಲಿ. ಕೆನಡಾದ ಎಡ್ಮಂಟನ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಿಜೆಕ್ಷನ್ನಿನಿಂದ ಕಿಡ್ನಿ ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳದವರೇ ಆಗಿದ್ದರು. ಪೂರ್ತಿ ಬಿಟ್ಟರೆ ಮಾತ್ರ ತೊಂದರೆ ಎಂದೇನಿಲ್ಲ. ಲೆವೆಲ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಲಾಡುತ್ತಿದ್ದರೂ ಹೊಸ ಆ್ಯಂಟಿಬಾಡಿ ಹುಟ್ಟುವ ಸಂಭವ ಹೆಚ್ಚು.

ಸ್ಟೀರಾಯ್ಡ್ ಡ್ರಿಪ್ ಕೊಟ್ಟಿದ್ದು ಎದ್ದಿದ್ದ ಟಿ ಕೋಶಗಳನ್ನು ಒಟ್ಟಿಗೆ ಮಲಗಿಸಲು. ಅದಕ್ಕೂ ಬಗ್ಗದಿದ್ದರೆ ಎಟಿಜಿ ಎಂಬ ಮದ್ದಿದೆ. ಮನುಷ್ಯರ ಥೈಮಸ್ ಕೋಶಗಳನ್ನು ಮೊಲಗಳಿಗೆ ಚುಚ್ಚಿ, ಮೊಲದ ರಕ್ತದಲ್ಲಿ ಹುಟ್ಟುವ ಆ್ಯಂಟಿಬಾಡಿಯನ್ನು ಶುದ್ಧಮಾಡಿ ತಯಾರಿಸುತ್ತಾರೆ. ಅದು ಟಿ ಕೋಶಗಳನ್ನು ನಿಜವಾಗಿಯೂ ಕೊಲ್ಲುತ್ತದೆ. ನಿಮ್ಮ ತಮ್ಮನಿಗೆ ಸದ್ಯ ಅದು ಬೇಕಾಗಿಲ್ಲ ಅನ್ನಿಸುತ್ತದೆ.

ಹಾಗಾದರೆ ಎಲ್ಲ ಟಿ ಕೋಶಗಳನ್ನೂ ಒಮ್ಮೆಲೇ ತೆಗೆಯಬಾರದೇಕೆ? ತೆಗೆದರೆ ಏನಾಗುತ್ತದೆ ಎಂದು ಎಚ್‌ಐವಿ ನಮಗೆ ತೋರಿಸಿದೆ. ಆ ವೈರಸ್ ತಿನ್ನುವುದು ಸಿಡಿ4 ಟಿ ಕೋಶಗಳನ್ನೇ. ಕಿಡ್ನಿ ಕಸಿಯಾದವರಲ್ಲಿ ಬಿಕೆ ಎಂಬ ಇನ್ನೊಂದು ವೈರಸ್ ಇದೆ. ಬಹುತೇಕ ಎಲ್ಲ ದೊಡ್ಡವರ ಕಿಡ್ನಿ, ಮೂತ್ರನಾಳಗಳಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಟಿ ಕೋಶಗಳನ್ನು ಅತಿಯಾಗಿ ಅದುಮಿದರೆ ಅದು ಏಳುತ್ತದೆ, ಕಸಿಯ ಕಿಡ್ನಿಯನ್ನೇ ಹಾಳುಮಾಡುತ್ತದೆ. ತಮಾಷೆ ಏನೆಂದರೆ ಸೂಕ್ಷ್ಮದರ್ಶಕದಡಿ ಅದು ರಿಜೆಕ್ಷನ್ ಥರವೇ ಕಾಣಬಹುದು, ಅದೇ ಕೊಳವೆ, ಅದೇ ನುಸುಳಿದ ಕಣಗಳು. ಚಿಕಿತ್ಸೆ ಮಾತ್ರ ಉಲ್ಟಾ: ರಿಜೆಕ್ಷನ್ನಿಗೆ ಮದ್ದು ಹೆಚ್ಚಿಸಬೇಕು, ಬಿಕೆಗೆ ಇಳಿಸಬೇಕು. ಬಯಾಪ್ಸಿ ಮಾಡದೆ ಊಹೆಯ ಮೇಲೆ ಸ್ಟೀರಾಯ್ಡ್ ಕೊಡಲು ನಾವು ಹಿಂಜರಿಯುವುದು ಇದಕ್ಕೇ.

ತೆಗೆಯುವ ಬದಲು ಒಪ್ಪಿಸುವುದು ಸಾಧ್ಯವೇ? ಆ ಕನಸು ಹಳೆಯದು. ಬೋಸ್ಟನ್ನಿನಲ್ಲಿ 1954ರ ಡಿಸೆಂಬರ್ 23ರಂದು ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವಿನದು. ಗುರುತುಗಳೆಲ್ಲ ಒಂದೇ, ಹಾಗಾಗಿ ರಿಜೆಕ್ಷನ್ ಇಲ್ಲ. ಪಡೆದ ರಿಚರ್ಡ್ ಹೆರಿಕ್ ಇನ್ನೂ 8 ವರ್ಷ ಬದುಕಿದರು. ಉಳಿದವರಿಗೆ ಏನು ಮಾಡುವುದು ಎಂಬುದಕ್ಕೆ ಸುಳಿವು ಸಿಕ್ಕಿದ್ದು ದನದ ಕೊಟ್ಟಿಗೆಯಲ್ಲಿ. ಹೋರಿಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಸಾಮಾನ್ಯವಾಗಿ ಗಬ್ಬ ನಿಲ್ಲುವುದಿಲ್ಲ, ಹಸು ಸಾಕಿದವರಿಗೆ ಗೊತ್ತು. ಗರ್ಭದಲ್ಲಿ ಎರಡರ ರಕ್ತವೂ ಬೆರೆತಿರುತ್ತದೆ. ಅಮೆರಿಕದ ರೇ ಓವೆನ್ 1945ರಲ್ಲಿ ಇಂಥ ಕರುಗಳಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ಉಳಿದುಕೊಂಡಿದ್ದನ್ನು ತೋರಿಸಿದರು. ಆಮೇಲೆ ಮೆಡಾವರ್ ಅಂಥ ಅವಳಿ ಕರುಗಳಲ್ಲಿ ಒಂದರ ಚರ್ಮ ಇನ್ನೊಂದಕ್ಕೆ ಹಚ್ಚಿದರೆ ಅದು ಉದುರುವುದಿಲ್ಲ ಎಂದು ಕಂಡರು. ದಾನಿಯ ಮಜ್ಜೆಯೂ ಕಿಡ್ನಿಯ ಜೊತೆ ಬಂದು ನೆಲೆಸಿದರೆ ಟಿ ಕೋಶ ಒಪ್ಪಿಕೊಳ್ಳಬಹುದು ಎಂಬ ಯೋಚನೆ ಅಲ್ಲಿಂದ ಬಂತು. 2008ರಲ್ಲಿ ಬೋಸ್ಟನ್ನಿನಲ್ಲಿ ಅರ್ಧ ಹೊಂದುವ ದಾನಿಗಳಿಂದ ಕಿಡ್ನಿ, ಮಜ್ಜೆ ಎರಡನ್ನೂ ಪಡೆದ ಐವರ ವರದಿ ಬಂತು. ಅವರಲ್ಲಿ ನಾಲ್ವರು ಮಾತ್ರೆ ನಿಲ್ಲಿಸಿದರು. ಐದನೆಯವರು ಕಿಡ್ನಿ ಕಳೆದುಕೊಂಡರು. ನಮ್ಮಲ್ಲೂ ಅಹಮದಾಬಾದಿನ ಎಚ್. ಎಲ್. ತ್ರಿವೇದಿ ಅವರ ಸಂಸ್ಥೆಯಲ್ಲಿ ಇಂಥ ಪ್ರಯತ್ನಗಳು ಬಹಳ ವರ್ಷ ನಡೆದವು.

ಇನ್ನೊಂದು ದಾರಿ ಟಿ ಕೋಶಗಳಲ್ಲೇ ಇದೆ. ಬಸಿರಿನ ಮಾತು ಬಂದಾಗ ‘ಸಮಾಧಾನ ಮಾಡುವ ಜಾತಿ’ ಎಂದೆನಲ್ಲ, ಅವು ರೆಗ್ಯುಲೇಟರಿ ಟಿ ಕೋಶಗಳು. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. 2025ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರ ಜೊತೆ ನೊಬೆಲ್ ಪಡೆದರು. ರೋಗಿಯ ರಕ್ತದಿಂದ ಇವನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ವಾಪಸು ಕೊಡುವ ಪ್ರಯೋಗಗಳು ಯೂರೋಪ್, ಅಮೆರಿಕಗಳಲ್ಲಿ ನಡೆದಿವೆ. ಸುರಕ್ಷಿತ ಎಂಬುದು ಈ ಮಟ್ಟಿಗೆ ಕಂಡಿದೆ. ಎಲ್ಲರಿಗೂ ಸಿಗುವ ಚಿಕಿತ್ಸೆ ಇನ್ನೂ ಆಗಿಲ್ಲ. ಯಾರಾದರೂ ‘ಸ್ಟೆಮ್ ಸೆಲ್ ಹಾಕಿ ಮಾತ್ರೆ ಬಿಡಿಸ್ತೀವಿ’ ಎಂದು ದುಡ್ಡು ಕೇಳಿದರೆ ನಂಬಬೇಡಿ.

ಕೊನೆಗೆ ಕಷಾಯ. ಅತ್ತೆಯ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಯಾರ ಇಮ್ಯುನಿಟಿಯನ್ನು ದುಡ್ಡು ಕೊಟ್ಟು ಅದುಮಿ ಇಟ್ಟಿದ್ದೇವೋ ಅವನಿಗೇ ಇಮ್ಯುನಿಟಿ ಹೆಚ್ಚಿಸುವ ಕಷಾಯ ಕುಡಿಸುವುದು ಒಂದು ಕೈಯಲ್ಲಿ ನೀರು ಹಾಕಿ ಇನ್ನೊಂದು ಕೈಯಲ್ಲಿ ಸೌದೆ ಒಟ್ಟಿದ ಹಾಗೆ. ಕಷಾಯದಿಂದಲೇ ರಿಜೆಕ್ಷನ್ ಆಯಿತು ಎಂದು ನಾನು ಹೇಳುವುದಿಲ್ಲ, ತಪ್ಪಿದ ಮಾತ್ರೆಗಳೇ ಸಾಕಿತ್ತು. ಆದರೆ ಅಮೃತಬಳ್ಳಿ ಬಿಳಿ ರಕ್ತಕಣಗಳನ್ನು ಚುರುಕುಗೊಳಿಸುತ್ತದೆ ಎಂದೇ ಜನ ಕುಡಿಯುವುದು. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರಲ್ಲಿ ಮೈಯ ಇಮ್ಯುನಿಟಿಯೇ ಲಿವರ್ ಮೇಲೆ ತಿರುಗಿದ್ದನ್ನು ಮುಂಬೈ ಡಾಕ್ಟರುಗಳು ವರದಿ ಮಾಡಿದ್ದಾರೆ. ಅಶ್ವಗಂಧವೂ ಬೇಡ. ದೇವನಹಳ್ಳಿಯ ಚಕ್ಕೋತ ಕಂಡರೂ ತಮ್ಮ ಕೈಮುಗಿದು ಮುಂದೆ ಹೋಗಲಿ. ಅದು ಕರುಳಿನಲ್ಲಿ ಟಾಕ್ರೋಲಿಮಸ್ ಕರಗಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಮದ್ದಿನ ಮಟ್ಟ ಏರಿಸುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ವಿರುದ್ಧ, ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ‘ಕಿಡ್ನಿ ಕಸಿಯಾಗಿದೆ, ಟಾಕ್ರೋಲಿಮಸ್ ತಗೋತೀನಿ’ ಎಂದು ಮೊದಲೇ ಹೇಳಲಿ.

ಎರಡು ವಿಷಯ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಒಂದು, ಅಮ್ಮನ ಎಚ್‌ಎಲ್‌ಎ ವಿರುದ್ಧ ಆ್ಯಂಟಿಬಾಡಿ ಹುಟ್ಟಿದೆಯೇ ಎಂದು ನೋಡುವ ಡಿಎಸ್‌ಎ ಪರೀಕ್ಷೆ ಈಗೊಮ್ಮೆ, ಕೆಲವು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದಲ್ಲವೇ ಎಂದು. ಟಿ ಕೋಶದ ರಿಜೆಕ್ಷನ್ ಬಂದುಹೋದವರಲ್ಲಿ ಆಮೇಲೆ ಆ್ಯಂಟಿಬಾಡಿ ಬರುವುದುಂಟು. ಎರಡು, ಟಾಕ್ರೋಲಿಮಸ್ ಲೆವೆಲ್ ಎಷ್ಟಿರಬೇಕು ಎಂದು. ಆ ಟೆಸ್ಟಿಗೆ ಹೋಗುವ ದಿನ ಬೆಳಗಿನ ಮಾತ್ರೆ ನುಂಗಿ ಹೋಗಬಾರದು. ರಾತ್ರಿಯ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ ರಕ್ತ ಕೊಡಬೇಕು, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಮಾತ್ರೆ ನುಂಗಬೇಕು. ಜೇಬಿನಲ್ಲಿ ಮಾತ್ರೆ, ಚೀಲದಲ್ಲಿ ನೀರಿನ ಬಾಟಲಿ ಮನೆಯಿಂದಲೇ ಇಟ್ಟುಕೊಂಡು ಹೊರಡಲಿ.